ಅಟ್ಟಕ್ಕೊಂದು ಮಣ್ಣಿನ ಹೊದಿಕೆ



ಮುಂಬಯಿಯ ಚಾಳುಗಳಲ್ಲಿ ಬಾಳಿದವರಿಗೆ ‘ಪೋಟಮಾಳಾ’ ಗೊತ್ತು. ಕೋಣೆಯ ಅರ್ಧ ಭಾಗಕ್ಕೆ ಮೇಲೆ ಹಲಗೆ ಹೊಡೆದು ಟ್ರಂಕು, ಹಾಸಿಗೆ ಇಡುವ, ರಾತ್ರಿ ಒಬ್ಬಿಬ್ಬರು ಮಲಗುವ ಜಾಗ. ನಮ್ಮವರ ಬಾಯಲ್ಲಿ ಅದು ‘ಅಟ್ಟ’. ಆದರೆ ಊರಿನ ಅಟ್ಟಕ್ಕೆ ಸಾಮಾನು ಹೊರುವುದಷ್ಟೇ ಕೆಲಸವಾಗಿರಲಿಲ್ಲ.

ಕರಾವಳಿ, ಮಲೆನಾಡಿನ ಹಳೆಯ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ತೊಲೆ ಇಟ್ಟು, ಮೇಲೆ ಒತ್ತೊತ್ತಾಗಿ ಹಲಗೆ ಹಾಸುತ್ತಿದ್ದರು. ಅನುಕೂಲವಿಲ್ಲದವರು ಅಡಿಕೆ ಮರದ ದಬ್ಬೆ ಹಾಸುತ್ತಿದ್ದರು. ಅದರ ಮೇಲೆ ಕೆಲವು ಅಂಗುಲ ದಪ್ಪಕ್ಕೆ ಮಣ್ಣು ಬಡಿದು ಗಟ್ಟಿ ಮಾಡುತ್ತಿದ್ದರು. ಇದೇ ‘ಮುಚ್ಚಿಗೆ’. ಆಗ ಮಾಡು ಹುಲ್ಲಿನದು. ಮಾಡಿಗೆ ಬೆಂಕಿ ಬಿದ್ದರೂ ಈ ಮಣ್ಣು ಕೆಳಗಿನ ಕೋಣೆಯನ್ನು, ಅದರಲ್ಲಿದ್ದ ಭತ್ತವನ್ನು ಕಾಯುತ್ತಿತ್ತು.

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದರ ಹಿಂದೆ ಇದ್ದವರು ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣಿನ ಹಂಚು ಹಡಗೇರಿ ಮುಂಬಯಿಗೂ ಬಂತು. ಬೆಂಕಿಯ ಭಯ ತಗ್ಗಿತು, ವರ್ಷವರ್ಷ ಹುಲ್ಲು ಹೊದಿಸುವ ಕಷ್ಟ ತಪ್ಪಿತು. ಆದರೆ ಹುಲ್ಲಿನ ಮಾಡು ತಂಪು. ತೆಳ್ಳನೆಯ ಹಂಚು ಬಿಸಿಲಿಗೆ ಬೇಗ ಕಾಯುತ್ತದೆ. ಆಗ ಬೆಂಕಿಗೆಂದು ಹಾಕಿದ ಮಣ್ಣು ಸೆಕೆಗೂ ಮದ್ದಾಯಿತು. ಅಟ್ಟದ ಬಿಸಿಗಾಳಿ ಹಂಚಿನ ಸಂದಿಯಿಂದ ಹೊರಹೋಗುತ್ತದೆ. ಉಳಿದ ಬಿಸಿಯನ್ನು ಮಣ್ಣು ತಡೆದು ನಿಧಾನ ಮಾಡುತ್ತದೆ. ಏಪ್ರಿಲ್ ಮಧ್ಯಾಹ್ನವೂ ಕೆಳಗೆ ಚಾಪೆ ಹಾಸಿ ಮಲಗಬಹುದು.

ಮುಂದೆ ಕಾಂಕ್ರೀಟ್ ತಾರಸಿ ಬಂತು. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ನಮ್ಮ ಮೇಲೇ ಸುರಿಯುವ ತಾರಸಿಯ ಗುಣ ಮೇಲಿನ ಮಹಡಿಯಲ್ಲಿರುವವರಿಗೆ ಹೇಳಬೇಕಾಗಿಲ್ಲ. ಅಟ್ಟವೆಂದರೆ ಬಚ್ಚಲುಮನೆಯ ಮೇಲಿನ ಸಿಮೆಂಟ್ ಗೂಡು ಎಂದಾಯಿತು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಕಳಚಿ ತಂದು ಮತ್ತೆ ನಿಲ್ಲಿಸಿ ಉಳಿಸಿದರು. ಎಲ್ಲ ಮನೆಗಳಿಗೂ ಆ ಭಾಗ್ಯವಿಲ್ಲ. ಮುಚ್ಚಿಗೆಯ ವೈರಿ ಬಿಸಿಲಲ್ಲ, ನೀರು. ಒಂದು ಹಂಚು ಒಡೆದರೆ ಸಾಕು, ಮಣ್ಣು ನೆನೆಯುತ್ತದೆ, ಹಲಗೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಅದಕ್ಕೇ ಹಿರಿಯರು ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸುತ್ತಿದ್ದರು. ಈಗ ಮನೆಮಂದಿ ಪುಣೆ, ದೆಹಲಿ, ಚೆನ್ನೈಗಳಲ್ಲಿ. ಊರಲ್ಲಿ ಮಾಡು ಹತ್ತುವವರಿಲ್ಲ.

ನಿಮ್ಮ ಊರಮನೆಯಲ್ಲಿ ಇನ್ನೂ ಮುಚ್ಚಿಗೆ ಇದ್ದರೆ, ಈ ಬೇಸಿಗೆ ರಜೆಯಲ್ಲಿ ಹೋದಾಗ ಒಮ್ಮೆ ಅಟ್ಟ ಹತ್ತಿ ನೋಡಿ. ಹಂಚಿನ ನಡುವೆ ಬೆಳಕಿನ ಚುಕ್ಕೆ ಕಂಡರೆ, ಜೂನ್ ಬರುವ ಮೊದಲೇ ಆ ಹಂಚು ಬದಲಿಸಿ.