ಒಗೆತದ ಪೂರಕ ದ್ರವ್ಯಗಳು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಬಟ್ಟೆ ಒಗೆಯುವಾಗ ಸೋಪು ಅಥವಾ ಡಿಟರ್ಜೆಂಟ್ ಪುಡಿಯ ಜೊತೆಗೆ, ಇಲ್ಲವೇ ಅದಕ್ಕೆ ಮೊದಲು ಅಥವಾ ಆಮೇಲೆ ಬಳಸುವ ಪದಾರ್ಥಗಳು. ಹುಳಿ, ವಾಷಿಂಗ್ ಸೋಡಾ, ಬ್ಲೀಚ್, ನೀಲಿ, ಗಂಜಿ, ಕಂಡೀಷನರ್ ಈಗ ಬಳಕೆಯಲ್ಲಿರುವವು; ಅಂಟುವಾಳ, ಸೀಗೆ, ಬೂದಿನೀರು ಹಿಂದಿನಿಂದ ಬಂದವು. ಚಿಕ್ಕಮಗಳೂರು ಜಿಲ್ಲೆಯ ಈ ಮೂರು ಮಲೆನಾಡು ತಾಲ್ಲೂಕುಗಳಲ್ಲಿ ಇವುಗಳ ಆಯ್ಕೆ ಮುಖ್ಯವಾಗಿ ಮೆದು ನೀರು, ಅಡಿಕೆಯ ಚೊಗರು ಮತ್ತು ಬಿಡದ ಮಳೆಯನ್ನು ಅವಲಂಬಿಸಿದೆ. ಬಯಲುಸೀಮೆಯ ಗಡಸು ನೀರಿಗೆ ಒಪ್ಪುವ ರೂಢಿ ಇಲ್ಲಿಗೆ ಒಗ್ಗುವುದಿಲ್ಲ.

ನೀರು

ಗುಡ್ಡದ ಅಬ್ಬಿಯಿಂದ ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಪೈಪಿನಲ್ಲಿ ಮನೆಯಂಗಳಕ್ಕೆ ಇಳಿಯುವ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ. ಅದರಲ್ಲಿ ಸೋಪು ಬೇಗ ನೊರೆಯಾಗುತ್ತದೆ. ಪುಡಿಯೂ ಕಡಿಮೆ ಸಾಕು. ನೀರನ್ನು ಮೆದುಗೊಳಿಸಲೆಂದು ವಾಷಿಂಗ್ ಸೋಡಾ ಸೇರಿಸುವ ಅಗತ್ಯ ಇಲ್ಲಿಲ್ಲ. ಎಣ್ಣೆ ಜಿಡ್ಡು ಹಿಡಿದ ಕೆಲಸದ ಬಟ್ಟೆಗೆ ಮಾತ್ರ ಅದು ಪ್ರಯೋಜನಕ್ಕೆ ಬಂದೀತು. ಜಂಬಿಟ್ಟಿಗೆ ನೆಲದ ಬಾವಿ, ಕೊಳವೆಬಾವಿಗಳ ಮಾತು ಬೇರೆ. ಅವುಗಳ ನೀರಿನಲ್ಲಿ ಕಬ್ಬಿಣ ಇರುವುದುಂಟು, ಬಿಳಿ ಪಂಚೆ ನಿಧಾನವಾಗಿ ಹಳದಿಗೆ ತಿರುಗುವುದು ಹಲವು ವೇಳೆ ಇದರಿಂದಲೇ. ಆ ಹಳದಿಯನ್ನು ಹೋಗಲಾಡಿಸಲು ಕ್ಲೋರಿನ್ ಬ್ಲೀಚ್ ಹಾಕಿದರೆ ಕರಗಿದ್ದ ಕಬ್ಬಿಣ ತುಕ್ಕಾಗಿ ನೂಲಿನಲ್ಲೇ ಕೂರುತ್ತದೆ. ತುಕ್ಕಿಗೆ ಬೇಕಾದದ್ದು ಹುಳಿ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ ಇದೆ; ಎರಡೂ ಕಬ್ಬಿಣವನ್ನು ಹಿಡಿದು ನೀರಿಗೆ ಬಿಡುತ್ತವೆ.

ಚೊಗರು

ಕೊಯ್ಲಿನ ತಿಂಗಳುಗಳಲ್ಲಿ ಅಡಿಕೆ ಸುಲಿಯುವವರ ಸೀರೆ, ಪಂಚೆ, ಬೇಯಿಸುವ ಹಂಡೆಯ ಬಳಿ ನಿಲ್ಲುವವರ ಅಂಗಿ, ಯಾವುದೂ ಚೊಗರಿನಿಂದ ತಪ್ಪಿಸಿಕೊಳ್ಳುವುದಿಲ್ಲ. ಹಸಿ ಅಡಿಕೆಯ ರಸ ಬಟ್ಟೆಗೆ ತಾಗಿದ ಗಳಿಗೆಯಲ್ಲಿ ಅಷ್ಟಾಗಿ ಕಾಣದು, ಗಾಳಿಯಾಡುತ್ತ ಕಂದಾಗುತ್ತದೆ. ಬೇಯಿಸಿದ ನೀರಿನ ಚೊಗರಂತೂ ಮೊದಲೇ ಕೆಂಪು. ಇದಕ್ಕೆ ಕಾರಣ ಅಡಿಕೆಯ ಟ್ಯಾನಿನ್‌ಗಳು. ಇವುಗಳ ಗುಣ ತಿಳಿಯದೆ ಒಗೆದದ್ದರಿಂದಲೇ ಒಳ್ಳೆಯ ಬಟ್ಟೆಗಳು ಹಾಳಾಗುವುದು ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ವಿವರ ಅಗತ್ಯ.

ಟ್ಯಾನಿನ್ ಕ್ಷಾರದಲ್ಲಿ ಬೇಗ ಆಕ್ಸಿಡೀಕರಣಗೊಂಡು ಗಾಢವಾಗುತ್ತದೆ. ಕಲೆ ಕಂಡೊಡನೆ ಬಟ್ಟೆ ಸೋಪು ತಿಕ್ಕುವುದು, ಸೋಡಾ ನೀರಿನಲ್ಲಿ ನೆನೆಹಾಕುವುದು ಎರಡೂ ಕಲೆಯನ್ನು ಬಲಪಡಿಸುತ್ತವೆ. ಕಬ್ಬಿಣ ತಾಗಿದರೆ ಇನ್ನೂ ಕೆಟ್ಟದ್ದು: ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಕಪ್ಪಾಗುತ್ತವೆ. ಹಳೆಯ ಕಾಲದ ಬರೆಯುವ ಮಸಿ ತಯಾರಾಗುತ್ತಿದ್ದುದು ಇದೇ ಕ್ರಿಯೆಯಿಂದ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ನೆನೆಸಿದ ಚೊಗರಿನ ಬಟ್ಟೆ ಬೂದುಗಪ್ಪಾಗುವುದು ಹೀಗೆ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ‘ಚರಕ’ ಸಂಸ್ಥೆಯ ನೇಕಾರಿಕೆಯಲ್ಲಿ ಅಡಿಕೆ ಚೊಗರು ನೈಸರ್ಗಿಕ ಬಣ್ಣವಾಗಿ ಬಳಕೆಯಾಗುತ್ತದೆ. ಪಟಿಕವಾಗಲಿ ಕಬ್ಬಿಣವಾಗಲಿ ಜೊತೆಗಿದ್ದರೆ ಅದು ಹತ್ತಿಗೆ ಭದ್ರವಾಗಿ ಅಂಟುತ್ತದೆ. ಬಣ್ಣಗಾರರಿಗೆ ಬೇಕಾದ ಈ ಗುಣವೇ ಒಗೆಯುವವರಿಗೆ ತೊಡಕು.

ಆದ್ದರಿಂದ ಕ್ರಮ ಮುಖ್ಯ. ಕಲೆ ಒಣಗುವ ಮೊದಲು ಬರಿಯ ತಣ್ಣೀರಿನಲ್ಲಿ ಹಿಂಡಬೇಕು. ಆಮೇಲೆ ನಿಂಬೆರಸ, ಬಿಂಬುಳಿ ಅಥವಾ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಜಾಲಿಸಬೇಕು. ಪುಡಿಯ ಸರದಿ ಇದರ ನಂತರ. ಉಳಿದ ಕಂದಿಗೆ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಕಲೆನಿವಾರಕ, ಒಳ್ಳೆಯ ಆಯ್ಕೆ. ತಣ್ಣೀರಿನಲ್ಲಿ ಅದರ ಕೆಲಸ ನಿಧಾನ. ಬಚ್ಚಲ ಹಂಡೆಯ ಬಿಸಿನೀರು ಬೇಕು. ರೇಷ್ಮೆ, ಉಣ್ಣೆಗೆ ಅದು ಸಲ್ಲದು. ಹಳೆಯ ಕಲೆ ಪೂರ್ತಿ ಹೋಗುತ್ತದೆಂಬ ಭರವಸೆ ಕೊಡುವಂತಿಲ್ಲ. ಬಾಳೆಯ ಸೊನೆಗೂ ಬಹುಮಟ್ಟಿಗೆ ಇದೇ ಕ್ರಮ.

ಹುಳಿ ಮತ್ತು ಕ್ಲೋರಿನ್ ಬ್ಲೀಚನ್ನು ಯಾವ ಕಾರಣಕ್ಕೂ ಒಂದೇ ಪಾತ್ರೆಯಲ್ಲಿ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಇದು ಪ್ರಾಣಾಪಾಯ.

ತೋಟದ ಇತರ ಕಲೆಗಳು

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬಟ್ಟೆಯ ಮೇಲೆ ನೀಲಿ ಚುಕ್ಕೆ ಉಳಿಸುತ್ತದೆ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಮೈಲುತುತ್ತ ಮತ್ತು ಸುಣ್ಣ ಸೇರಿ ಉಂಟಾಗುವ ನೀಲಿ ತಾಮ್ರಾಂಶ ಹುಳಿಯಲ್ಲಿ ಕರಗುತ್ತದೆ, ಸೋಪಿನಲ್ಲಿ ಕರಗದು. ಮರ ಹತ್ತಿದವರ ಬಟ್ಟೆಯನ್ನು ಮನೆಯ ಉಳಿದ ಬಟ್ಟೆಯೊಂದಿಗೆ ಸೇರಿಸದೆ ಒಗೆಯುವುದು ಲೇಸು.

ಉಂಬಳ ಕಚ್ಚಿದ ರಕ್ತದ ಕಲೆಗೆ ಬಿಸಿನೀರು ಆಗದು. ಶಾಖಕ್ಕೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಕಚ್ಚುತ್ತದೆ. ತಣ್ಣೀರು, ಆಮೇಲೆ ಕಿಣ್ವ ಇರುವ ಪುಡಿ. ಮಂಗನ ಕಾಯಿಲೆಯ ಭಯವಿರುವ ತಿಂಗಳುಗಳಲ್ಲಿ ಕಾಡಿನಿಂದ ಬಂದವರ ಬಟ್ಟೆಯನ್ನು ಬಿಸಿನೀರಿನಲ್ಲೇ ಒಗೆಯಬೇಕೆಂಬ ಆರೋಗ್ಯ ಇಲಾಖೆಯ ಸಲಹೆ ಕಲೆಗಿಂತ ದೊಡ್ಡದು, ಅದನ್ನು ಮೀರಬಾರದು.

ಅಂಟುವಾಳ, ಸೀಗೆ, ಬೂದಿ

ಬಯಲುಸೀಮೆಯ ಮಡಿವಾಳರಿಗೆ ಚೌಳು ಮಣ್ಣು ಸಿಗುತ್ತಿತ್ತು. ಮಳೆ ಲವಣಗಳನ್ನೆಲ್ಲ ತೊಳೆದೊಯ್ಯುವ ಮಲೆನಾಡಿನಲ್ಲಿ ಅಂಥ ಮಣ್ಣು ನಿಲ್ಲದು. ಇಲ್ಲಿ ಕ್ಷಾರದ ಮೂಲ ಒಲೆಯ ಬೂದಿ. ಅದರಲ್ಲಿನ ಪೊಟ್ಯಾಸಿಯಂ ಕಾರ್ಬೊನೇಟೇ ಕೊಳೆ ಬಿಡಿಸುವುದು. ಬೂದಿನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆಯನ್ನು ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದರು. ಯಾರ ಬಟ್ಟೆ ಯಾವುದೆಂದು ಗುರುತಿಸಲು ಕರಿಗೇರಿನ ರಸದ ಚುಕ್ಕೆ. ಎಷ್ಟು ಉಬ್ಬೆ ಕಂಡರೂ ಅದು ಅಳಿಯುತ್ತಿರಲಿಲ್ಲ. ಈ ವೃತ್ತಿಜ್ಞಾನಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಮಗುಟ, ರೇಷ್ಮೆ ಮಡಿಗಳಿಗೆ ಬೂದಿ ಆಗದು, ಕ್ಷಾರ ರೇಷ್ಮೆಯ ನೂಲನ್ನು ಸವೆಸುತ್ತದೆ. ಪೂಜೆ, ಮಡಿಗಳ ಊರಾದ ಶೃಂಗೇರಿಯಂಥಲ್ಲಿ ಅಂಟುವಾಳದ ಮಹತ್ವ ಇಲ್ಲಿಂದ ಬರುತ್ತದೆ. ಅದರ ಸಿಪ್ಪೆಯ ಸಪೋನಿನ್ ಕ್ಷಾರವಿಲ್ಲದೆಯೇ ನೊರೆ ಕೊಡುತ್ತದೆ. ದ್ರಾವಣ ತುಸು ಹುಳಿಗುಣದ್ದು. ಸೀಗೆಯೂ ಅದೇ ಬಗೆ, ಆದರೆ ಬಿಳಿ ಬಟ್ಟೆಗೆ ಅದರ ಬಣ್ಣ ಸ್ವಲ್ಪ ಹಿಡಿಯುತ್ತದೆ. ರೇಷ್ಮೆಗೆ ಇಂದಿಗೂ ಅಂಟುವಾಳವನ್ನು ಮೀರಿಸುವ ಅಗ್ಗದ ಪದಾರ್ಥ ವಿರಳ.

ನೀಲಿ, ಗಂಜಿ, ಕಂಡೀಷನರ್

ಪುಡಿ ನೀಲಿ ಕೃತಕ ಅಲ್ಟ್ರಾಮರೀನ್. ಕೇರಳದ ತ್ರಿಶೂರಿನಲ್ಲಿ 1983ರಲ್ಲಿ ಹುಟ್ಟಿದ ಜ್ಯೋತಿ ಲ್ಯಾಬೊರೇಟರೀಸ್‌ನ ‘ಉಜಾಲಾ’ ದ್ರವರೂಪದ ನೇರಳೆ ಬಣ್ಣ. ಅಲ್ಟ್ರಾಮರೀನ್ ಹುಳಿಯಲ್ಲಿ ಕೆಟ್ಟು ಬಣ್ಣ ಕಳೆದುಕೊಳ್ಳುವುದರಿಂದ, ಹುಳಿ ಬಳಸಿದ ಬಟ್ಟೆಯನ್ನು ಪೂರ್ತಿ ಜಾಲಿಸಿದ ಮೇಲೆಯೇ ಪುಡಿ ನೀಲಿಯಲ್ಲಿ ಅದ್ದಬೇಕು.

ಮಳೆಗಾಲದಲ್ಲಿ ಗಂಜಿ ಬೇಡ. ವಾರಗಟ್ಟಲೆ ಬಿಸಿಲು ಕಾಣದ ಆಷಾಢ, ಶ್ರಾವಣಗಳಲ್ಲಿ ಗಂಜಿ ಬೂಷ್ಟಿಗೆ ಆಹಾರವಾಗುತ್ತದೆ. ಕಂಡೀಷನರನ್ನು ಪುಡಿಯ ಜೊತೆಗೇ ಹಾಕಿದರೆ ಎರಡರ ವಿರುದ್ಧ ವಿದ್ಯುದಂಶಗಳು ಒಂದನ್ನೊಂದು ಹಿಡಿದು ಎರಡೂ ವ್ಯರ್ಥ. ಕೊನೆಯ ಜಾಲಿನಲ್ಲಿ ಹಾಕಬೇಕು. ಅದು ಟವೆಲುಗಳ ನೀರು ಹೀರುವ ಗುಣವನ್ನೂ ಕುಗ್ಗಿಸುತ್ತದೆ. ಮೆದು ನೀರಿನ ಈ ಸೀಮೆಗೆ ಅದು ಅಷ್ಟೇನೂ ಅಗತ್ಯವಲ್ಲ.

ನದಿ

2025ರ ಮಾರ್ಚ್‌ನಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆ ಅವರು ಯಾತ್ರಾಸ್ಥಳಗಳಲ್ಲಿ ನದಿ ತೀರದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ತಡೆಯಲು ಸೂಚಿಸಿದರು. ಶೃಂಗೇರಿಯ ತುಂಗಾ ತೀರದ ಮೀನುಗಳನ್ನು ಕಂಡವರಿಗೆ ಇದರ ಅಗತ್ಯ ವಿವರಿಸಬೇಕಿಲ್ಲ. ಅಂಟುವಾಳ ಗಿಡಮೂಲದ್ದೆಂಬ ಕಾರಣಕ್ಕೆ ಹೊಳೆಯಲ್ಲಿ ಬಳಸಬಹುದೆಂದು ತಿಳಿಯುವುದು ತಪ್ಪು: ಸಪೋನಿನ್ ಮೀನಿನ ಕಿವಿರುಗಳಿಗೆ ವಿಷ, ಅಂಥ ಕಾಯಿಗಳಿಂದ ಮೀನು ಹಿಡಿಯುವ ಪದ್ಧತಿಯೇ ಹಿಂದೆ ಇತ್ತು. ಅಂಟುವಾಳದ ನೀರನ್ನು ಬಾಳೆಯ ಬುಡಕ್ಕೆ ಹೊಯ್ಯಬಹುದು. ತೋಟದ ಬಸಿಗಾಲುವೆಗೆ ಬಿಟ್ಟರೆ ಹಳ್ಳ ಸೇರಿ ತುಂಗೆಗೋ ಭದ್ರೆಗೋ ಹೋಗುತ್ತದೆ.