ಸೊಪ್ಪಿನ ಹರಾಜು

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯಲ್ಲಿ, ಮುಂಗಾರು ಹಿಂಜರಿದು ಚಳಿಯಿನ್ನೂ ಕಾಲಿಡದ ದಿನಗಳಲ್ಲಿ, ಹೊಂಬಣ್ಣದ ಸೊಪ್ಪಿನ ಬೇಲುಗಳು ಸಾಲುಗಟ್ಟಿ ಬಾಯ್ದೆರೆದು ಕುಳಿತಿರುವಾಗ, ಅವುಗಳ ನಡುವಣ ಕಿರುದಾರಿಯಲ್ಲಿ ನಡೆದುಬರುವ ಖರೀದಿದಾರರು ಒಂದು ಹಿಡಿ ಸೊಪ್ಪನ್ನೆಳೆದು, ಬೆಳಕಿಗೆ ಹಿಡಿದು, ಬೆರಳಲ್ಲಿ ಹೊಸೆದು, ಮೂಸಿ, ಒಂದು ಸಂಸಾರದ ವರ್ಷದ ದುಡಿಮೆಗೆ ಕ್ಷಣಾರ್ಧದಲ್ಲಿ ಬೆಲೆ ಕಟ್ಟುವುದನ್ನು ಒಮ್ಮೆಯಾದರೂ ನಿಂತು ನೋಡಬೇಕು. ಗ್ರಂಥಗಳಲ್ಲಿ ಅಮೂರ್ತವಾಗಿರುವ ‘ಪೇಟೆ’ಯು ಇಷ್ಟು ಮೂರ್ತವಾಗಿ ಕಾಣುವ ಸ್ಥಳ ನಮ್ಮ ಸೀಮೆಯಲ್ಲಿ ಮತ್ತೊಂದನ್ನು ನಾನರಿಯೆ.

ಫ್ರೆಂಚ್ ಅರ್ಥಶಾಸ್ತ್ರಜ್ಞ ಲಿಯೋನ್ ವಾಲ್ರಾಸನು 1874ರಲ್ಲಿ ಪ್ರಕಟಿಸಲಾರಂಭಿಸಿದ ಗ್ರಂಥದಲ್ಲಿ ಇಂಥದೇ ಒಂದು ಹರಾಜಿನ ಚಿತ್ರವಿದೆ. ಬೇಡಿಕೆ ಮಿಕ್ಕರೆ ಬೆಲೆಯನ್ನು ಏರಿಸುತ್ತ, ಸರಕು ಮಿಕ್ಕರೆ ಇಳಿಸುತ್ತ, ಒಂದು ಪೇಟೆಯಲ್ಲ, ಲೋಕದ ಸಕಲ ಪೇಟೆಗಳೂ ಏಕಕಾಲದಲ್ಲಿ ಸಮಸ್ಥಿತಿಗೆ ಬರುವ ಪರ್ಯಂತ ತಡಕಾಡುವುದೇ ಆ ಹರಾಜಿನ ಕ್ರಮ. ಒಬ್ಬನ ಸ್ಥಿತಿಯನ್ನು ಕೆಡಿಸದೆ ಇನ್ನೊಬ್ಬನದನ್ನು ಮೇಲೆತ್ತಲಾಗದ ನೆಲೆಯನ್ನು ಗುರುತಿಸಿದವನು, ಲೊಸಾನಿನಲ್ಲಿ ವಾಲ್ರಾಸನ ಪೀಠಕ್ಕೇ ಬಂದ ಪರೇಟೊ. ವಾಲ್ರಾಸನು ಹೇಳಿದ ಸಮಸ್ಥಿತಿಯು ಸಾಧ್ಯವೆಂದು, ಕೆಲವು ನಿಬಂಧನೆಗಳಿಗೆ ಒಳಪಟ್ಟು, ಆರೋ ಮತ್ತು ಡೆಬ್ರೂ ಎಂಬಿಬ್ಬರು 1954ರಲ್ಲಿ ಗಣಿತದಿಂದ ಸಾಧಿಸಿದರು. ಆ ನಿಬಂಧನೆಗಳಲ್ಲಿಯೇ ಎಲ್ಲ ಸ್ವಾರಸ್ಯವೂ ಅಡಗಿದೆ; ಯಾವನೊಬ್ಬ ಗಿರಾಕಿಯೂ ಬೆಲೆಯನ್ನು ತಾನೇ ಕಟ್ಟಲಾರನೆಂಬುದು ಅವುಗಳಲ್ಲೊಂದು.

ಆದರೆ ಈ ನಾಡಿಗೆ ಒಬ್ಬನೇ ಗಿರಾಕಿಯ ಅನುಭವ ಹೊಸದಲ್ಲ. 19ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕಾಗಿ ತೊಗಲು, ಕಂಬಳಿ, ಗಾಡಿಗಳು ಹುಣಸೂರಿನಲ್ಲಿಯೇ ಸಿದ್ಧವಾಗುತ್ತಿದ್ದವು. ಅಮೃತಮಹಲಿನ ಎತ್ತುಗಳ ಠಾಣ್ಯವೂ ಇಲ್ಲಿತ್ತು. ಕೊಳ್ಳುವವನು ಸರ್ಕಾರವೊಂದೇ ಆದಾಗ ದರವು ಯಾರ ಬಾಯಿಂದ ಹೊರಡುತ್ತದೆಂಬುದನ್ನು ವಿವರಿಸಬೇಕಿಲ್ಲ. ವರ್ಜೀನಿಯಾ ತಂಬಾಕು ಇಲ್ಲಿಯ ಕೆಂಪು ಮರಳುಮಣ್ಣಿಗೆ ಒಗ್ಗಿದ ಮೇಲೆಯೂ ಬಹುಕಾಲ ರೈತನು ಸೊಪ್ಪನ್ನು ಕೊಳ್ಳುವವರ ಬಾಗಿಲಿಗೆ ಹೊತ್ತು, ಅವರು ಹೇಳಿದ ದರ್ಜೆಯನ್ನೂ ಅವರೇ ಹೇಳಿದ ದರವನ್ನೂ ಒಪ್ಪಿಕೊಂಡು ಬರುತ್ತಿದ್ದನು. 1975ರ ಶಾಸನದಂತೆ ಮರುವರ್ಷ ಗುಂಟೂರಿನಲ್ಲಿ ತಂಬಾಕು ಮಂಡಳಿ ಸ್ಥಾಪಿತವಾಗಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಮೊದಲಾಯಿತು. ಆಂಧ್ರಕ್ಕೆ ಅದು ಬಂದದ್ದು ಮುಂದಿನ ವರ್ಷ. ಈಗ ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿಯೂ ಹರಾಜುಕಟ್ಟೆಗಳುಂಟು. ಹಿಂದಿನ ಹರಾಜಿನ ಕೂಗು ಅಡಗಿ, ಖರೀದಿದಾರರು ಇಲೆಕ್ಟ್ರಾನಿಕ್ ಯಂತ್ರದ ಗುಂಡಿಯೊತ್ತಿ ದರ ಹೇಳುತ್ತಾರೆ.

ಹರಾಜಿನ ಈ ಏರ್ಪಾಡು ಅಲ್ಪ ಸುಧಾರಣೆಯಲ್ಲ. ಪಕ್ಕದ ಬೇಲಿನ ದರ ಎಲ್ಲರ ಕಣ್ಣಿಗೂ ಬೀಳುತ್ತದೆ; ಒಪ್ಪಿಗೆಯಾಗದಿದ್ದರೆ ಬೇಲನ್ನು ಹಿಂದಕ್ಕೆ ಒಯ್ಯುವ ಹಕ್ಕು ರೈತನಿಗುಂಟು. ಆದರೆ ಸಾಲ ತೀರಿಸಬೇಕಾದವನು ಎಷ್ಟು ಸಲ ಒಯ್ದಾನು? ಸಾವಿರಾರು ಬೆಳೆಗಾರರೆದುರು ನಿಂತವರು ಬೆರಳೆಣಿಕೆಯ ಕೊಳ್ಳುಗರಾದಾಗ ಸ್ಪರ್ಧೆಯೆಂಬ ಮಾತಿನ ಅರ್ಧ ಭಾಗವೇ ನಿಜ. ದರ ಕುಸಿದ ದಿನ ರೈತರು ಹರಾಜನ್ನೇ ನಿಲ್ಲಿಸಿ ರಸ್ತೆಗಿಳಿಯುವುದು ಇಲ್ಲಿ ಅಪೂರ್ವವಲ್ಲ.

ಇನ್ನು ಸಮತೆಯ ವಿಚಾರ. ಪೇಟೆಯ ಗಣಿತವು ಒಳಗೆ ಬಂದವರ ಕೈಯಲ್ಲಿ ಮೊದಲೇ ಏನಿತ್ತೆಂದು ಕೇಳುವುದಿಲ್ಲ. ಇಲ್ಲಿ ಆ ಮೂಲಧನವೆಂದರೆ ಹೊಲ ಮಾತ್ರವಲ್ಲ, ಮಂಡಳಿಯ ಲೈಸೆನ್ಸು. ಅದಿಲ್ಲದವನು ಅದೇ ಮಣ್ಣಿನಲ್ಲಿ, ಅದೇ ಮಳೆಯಲ್ಲಿ, ಅದೇ ಸೊಪ್ಪನ್ನು ಬೆಳೆದು, ಸರ್ಕಾರವು ಅನುಮತಿ ಕೊಟ್ಟ ವರ್ಷ ದಂಡ ತೆತ್ತು ಮಾರಿದ್ದುಂಟು. ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರಂತೂ ಹರಾಜುಕಟ್ಟೆಯ ಲೆಕ್ಕಕ್ಕೇ ಸೇರಿದವರಲ್ಲ.

ಎಲ್ಲ ಬೆಲೆಗಳೂ ಒಂದನ್ನೊಂದು ಹಿಡಿದಿವೆಯೆಂಬ ವಾಲ್ರಾಸನ ಮಾತನ್ನು ಈ ಸೀಮೆಯ ಒಕ್ಕಲಿಗನು ಪುಸ್ತಕವಿಲ್ಲದೆ ಬಲ್ಲನು. ಸೊಪ್ಪಿಗೆ ದರ ಬಂದ ವರ್ಷದ ಬೆನ್ನಿಗೆ ರಾಗಿಯ ಹೊಲ ತಂಬಾಕಿಗೆ ಹೋಗುತ್ತದೆ, ಕೂಲಿ ಏರುತ್ತದೆ; ಕೃಷ್ಣರಾಜನಗರದ ನಾಲೆಯ ಕೆಳಗಣ ಗದ್ದೆಯವನೂ, ಹೆಗ್ಗಡದೇವನಕೋಟೆಯ ಕಡೆ ಹತ್ತಿ ಬಿಡಿಸುವವನೂ ಆಳು ಸಿಗದೆ ಗೊಣಗುತ್ತಾರೆ.

ಆದರೆ ಒಂದು ವಸ್ತು ಬೆಲೆಗಳ ಈ ಸರಪಣಿಯಲ್ಲಿ ಪೂರ್ತಿ ಸಿಕ್ಕಿಲ್ಲ. ಶ್ರಾವಣದ ಜಡಿಮಳೆಯ ರಾತ್ರಿ ಸೊಪ್ಪನ್ನು ಕಾವಿನಲ್ಲಿ ಹದಮಾಡುವ ಬ್ಯಾರನ್ನಿನ ಒಲೆಯ ಮುಂದೆ, ಕಂಬಳಿ ಹೊದ್ದು, ನಿಮಿಷಕ್ಕೊಮ್ಮೆ ಉಷ್ಣಮಾಪಕವನ್ನು ನೋಡುತ್ತ, ಕೊಳವೆಯ ಕಾವು ಹದ ಮೀರದಂತೆ ಕೊರಡೊಡ್ಡುವ ರೈತನನ್ನು ನೆನೆಯಿರಿ. ಸೊಪ್ಪು ಹಳದಿಗೆ ತಿರುಗಿ, ನರ ಒಣಗುವ ಹೊತ್ತಿಗೆ ಸುಮಾರು ಒಂದು ವಾರ. ಕಿಲೋ ತಂಬಾಕಿಗೆ ಹಲವು ಕಿಲೋ ಸೌದೆ. ಕಡಿದವನ ಕೂಲಿಗೂ ಗಾಡಿಯ ಬಾಡಿಗೆಗೂ ರೈತನು ಹಣ ತೆರುತ್ತಾನೆ; ಹೋದ ಮರಕ್ಕೆ, ಬತ್ತಿದ ನೆರಳಿಗೆ, ನಾಗರಹೊಳೆಯ ಅಂಚಿನ ಕಾಡು ತೆಳುವಾದುದಕ್ಕೆ ಯಾರೂ ತೆತ್ತಿಲ್ಲ. ಬೇಲಿನ ಮೇಲಣ ಚೀಟಿಯಲ್ಲಿ ತೂಕಕ್ಕೂ ದರಕ್ಕೂ ಜಾಗವುಂಟು, ಸೌದೆಗೆ ಇಲ್ಲ.