ಹುಬ್ಬಳ್ಳಿಯ ಲಾರಿಗಳು
ಹತ್ತಿಯ ಅಂಡಿಗೆಗಳನ್ನೂ ಬ್ಯಾಡಗಿಯ ಮೆಣಸಿನಕಾಯಿಯ ಚೀಲಗಳನ್ನೂ ಹೊತ್ತು, ಅರಬೈಲು ಘಟ್ಟವನ್ನಿಳಿದು ಕಡಲತಡಿಗೂ, ಪುಣೆಯ ಮಾರ್ಗವಿಡಿದು ಮುಂಬಯಿಗೂ ಸಾಗಬಲ್ಲ ವಾಹನ ಯಾವುದೆಂಬ ವಿಚಾರದಲ್ಲಿ, ಹುಬ್ಬಳ್ಳಿಯ ಲಾರಿ ಮಾಲೀಕರ ಮುಂದೆ ಬಹುಕಾಲ ನಿಂತಿದ್ದ ಹೆಸರುಗಳು ಮುಖ್ಯವಾಗಿ ಎರಡೇ: ಟಾಟಾ ಮತ್ತು ಲೇಲ್ಯಾಂಡ್. ಮೊದಲನೆಯದು 1954ರಲ್ಲಿ ಜರ್ಮನಿಯ ಬೆಂಜ್ ಸಂಸ್ಥೆಯ ಸಹಯೋಗದಿಂದ ಜಮ್ಷೆಡ್‌ಪುರದಲ್ಲಿ ಜನ್ಮತಾಳಿತು. ಎರಡನೆಯದು, ಆಸ್ಟಿನ್ ಕಾರುಗಳ ಜೋಡಣೆಗೆಂದು 1948ರಲ್ಲಿ ಸ್ಥಾಪಿತವಾದ ಮದರಾಸಿನ ಅಶೋಕ್ ಮೋಟರ್ಸ್, 1955ರಲ್ಲಿ ಆಂಗ್ಲರ ಲೇಲ್ಯಾಂಡಿನೊಡನೆ ಕೂಡಿದುದರ ಫಲ. ಬೆಂಜ್‌ನೊಡನೆಯ ಒಪ್ಪಂದ 1969ರಲ್ಲಿ ಮುಗಿದರೂ ಟಾಟಾದ ಪ್ರತಿಷ್ಠೆ ಕುಗ್ಗಲಿಲ್ಲ. ಯಂತ್ರದ ಶ್ರೇಷ್ಠತೆಯನ್ನು ಅಶ್ವಶಕ್ತಿಯಿಂದಲ್ಲ, ನಡುದಾರಿಯಲ್ಲಿ ಕೆಟ್ಟಾಗ ಬಿಡಿಭಾಗವೂ ಬಲ್ಲ ಮೇಸ್ತ್ರಿಯೂ ದೊರೆವ ಸೌಲಭ್ಯದಿಂದ ಅಳೆಯುವುದೇ ನ್ಯಾಯವೆಂದು ನನ್ನ ಮತ. 1976ರಲ್ಲಿ ಗದುಗಿನಲ್ಲಿ ಒಂದೇ ಲಾರಿಯಿಂದ ಉದ್ಯಮವಾರಂಭಿಸಿದ ವಿಜಯ ಸಂಕೇಶ್ವರರು ಅನಂತರ ಹುಬ್ಬಳ್ಳಿಯಲ್ಲಿ ನೆಲೆಸಿ ಸಾವಿರಾರು ವಾಹನಗಳ ಒಡೆಯರಾದರು. ಧಾರವಾಡದಲ್ಲಿಯೋ, ಟಾಟಾದವರ ಕಾರ್ಖಾನೆಯೇ ತಲೆಯೆತ್ತಿತು.